ಶ್ರೀಮಾನ್ ಶೇಕಡಾ ನಲವತ್ತು ಅವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಶೇ. 40 ಅವರೇ,

ಹಿಮೋಫಿಲಿಯಾ ಇರುವ ಹುಡುಗನೊಬ್ಬನ ತಾಯಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಗನದ್ದು ಬರೀ ನಮಸ್ಕಾರ ಎಂದು ತಿಳಿಯಬೇಕು. ಅವನ ಬಲ ಮೊಣಕೈ ಪೂರ್ತಿ ಚಾಚುವುದಿಲ್ಲ, ಸಾಷ್ಟಾಂಗಕ್ಕೆ ಒಂದಂಗ ಕಡಿಮೆ ಬೀಳುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಬಂತು, ಅದರಲ್ಲಿ ಹಿಮೋಫಿಲಿಯಾಕ್ಕೂ ಜಾಗ ಸಿಕ್ಕಿತು. ನಮ್ಮ ಮನೆಯಲ್ಲಿ ಪಾಯಸವೂ ಆಯಿತು. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ತಮ್ಮ ದರ್ಶನವೂ ಆಗಬೇಕು ಎಂದು ತಿಳಿದದ್ದು ಆಮೇಲೆ. ವೈಕಲ್ಯದ ಅಳತೆಯಲ್ಲಿ ಶೇ. 39 ಬಂದವನು ಗಟ್ಟಿಮುಟ್ಟಾದ ಹುಡುಗ, 40 ಬಂದವನು ಫಲಾನುಭವಿ. ತಮ್ಮ ಬಂಧುಗಳಾದ ಶೇ. 1 ಅವರ ಪರಿಚಯ ನಮಗೆ ಮೊದಲೇ ಇತ್ತು. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅವರಿಗಿಂತ ಕಡಿಮೆಯಿದ್ದರೆ ಕಾಯಿಲೆ ತೀವ್ರ ಎಂದರ್ಥ, ನನ್ನ ಮಗ ಆ ಗುಂಪಿನವನು. ಅವರು ತಂಟೆ ಮಾಡಿದವರಲ್ಲ. ಒಂದು ರಕ್ತಪರೀಕ್ಷೆಯಲ್ಲಿ ಸಿಕ್ಕರು, ಮತ್ತೆ ಮಾತು ಬದಲಿಸಲಿಲ್ಲ.

ತಮ್ಮ ವಿಷಯ ಹಾಗಲ್ಲ. ತಾವು ವೈಕಲ್ಯ ಪ್ರಮಾಣಪತ್ರದ ಶಿಬಿರದಲ್ಲಿ ಮಾತ್ರ ಸಿಗುತ್ತೀರಿ. ಮಂಡಿಯೊಳಗೆ ರಕ್ತ ಇಳಿದು, ಅದು ಊದಿ, ಬಿಸಿಯಾಗಿ, ಹುಡುಗ ಹೊದಿಕೆ ತಾಕಿದರೂ ಚೀರುವ ದಿನ ಶಿಬಿರಕ್ಕೆ ಹೊರಡಲಾಗುವುದಿಲ್ಲ. ಹೊರಡಲಾಗುವ ದಿನ ಅವನಿಗೆ ಏನೂ ಆಗಿರುವುದಿಲ್ಲ. ಬಸ್ಸಿನ ಪ್ರಯಾಣವಲ್ಲವೇ ಎಂದು ಮುಂಜಾನೆಯೇ ನರಕ್ಕೆ ಫ್ಯಾಕ್ಟರ್ ಕೊಡಿಸಿ ಕರೆತಂದರಂತೂ ತಮ್ಮ ಮುಂದೆ ಜಿಂಕೆಯ ಹಾಗೆ ನಿಂತಿರುತ್ತಾನೆ. ಆ ಔಷಧದ ಅರ್ಧ ಬಲ 8ರಿಂದ 12 ಗಂಟೆಯೊಳಗೆ ಇಳಿದುಹೋಗುತ್ತದೆ. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಮ್ಮ ಜಿಂಕೆಯ ಗತಿ ಏನಾಯಿತೆಂದು ನೋಡಲು ತಾವು ಅಲ್ಲಿರುವುದಿಲ್ಲ. ಸೀಲು ಮಾತ್ರ ಒಣಗಿರುತ್ತದೆ.

ಕಳೆದ ಸಲ ಮೇಜಿನ ಆಚೆ ಕೂತಿದ್ದವರು ಕೇಳಿದ ಪ್ರಶ್ನೆ ಇದು: “ಎಲ್ಲಮ್ಮಾ, ಗಾಯ ಕಾಣಿಸ್ತಾನೇ ಇಲ್ಲ?” ಹಿಮೋಫಿಲಿಯಾ ಎಂದರೆ ಸೂಜಿ ಚುಚ್ಚಿದರೆ ಬಿಂದಿಗೆಗಟ್ಟಲೆ ಸುರಿಯುವ ಕಾಯಿಲೆ ಎಂದುಕೊಂಡಿದ್ದರು. ಈ ಕಾಯಿಲೆ ಇರುವವರ ರಕ್ತ ಬೇರೆಯವರದಕ್ಕಿಂತ ಜೋರಾಗಿ ಹರಿಯುವುದಿಲ್ಲ, ನಿಲ್ಲುವುದು ತಡ ಅಷ್ಟೆ. ಹೆಚ್ಚಿನ ಕಿತಾಪತಿ ನಡೆಯುವುದು ಮಂಡಿ, ಮೊಣಕೈ, ಪಾದದ ಕೀಲುಗಳ ಒಳಗೆ, ಚರ್ಮಕ್ಕೆ ಸುದ್ದಿಯೂ ಇಲ್ಲದಂತೆ. ಒಂದೇ ಕೀಲಿಗೆ ಮತ್ತೆ ಮತ್ತೆ ರಕ್ತ ಇಳಿದರೆ ಒಳಪೊರೆ ದಪ್ಪಗಾಗಿ, ಮೃದ್ವಸ್ಥಿ ಸವೆದು, ಕೊನೆಗೆ ಕೀಲೇ ಬಿಗಿದುಕೊಳ್ಳುತ್ತದೆ. ಅಷ್ಟಾದ ಮೇಲೆ ತಾವು ಖಂಡಿತ ಬರುತ್ತೀರಿ, ಅನುಮಾನವಿಲ್ಲ.

ಆ ದಿನ ಅವನನ್ನು ಕುಕ್ಕರುಗಾಲಲ್ಲಿ ಕೂರಿಸಿದರು. ಕೂತ. ಭಾರವನ್ನೆಲ್ಲ ಬಲಗಾಲಿಗೆ ಹಾಕಿ ಕೂತಿದ್ದ, ಎಡ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಏಳುವಾಗ ಒಂದು ಕೈ ತೊಡೆಯ ಮೇಲೆ, ಇನ್ನೊಂದು ಕೈ ಮೇಜಿನ ಕಾಲಿನ ಮೇಲೆ. ಸಾಹೇಬರು ಹೆಸರಿನ ಕಾಗುಣಿತ ಆಧಾರ್‌ಗೆ ಹೊಂದುತ್ತದೆಯೇ ಎಂದು ನೋಡುತ್ತಿದ್ದರು. ಹೊಂದಿತು. “ಕೂರ್ತಾನೆ” ಎಂದು ಬರೆದುಕೊಂಡರು.

ಅಳೆಯುವ ವಿದ್ಯೆ ಲೋಕದಲ್ಲಿ ಇಲ್ಲವೆಂದಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ರೂಪಿಸಿದ ‘ಫಿಶ್’ ಎಂಬ ಅಳತೆ ಇದೆ. ಹೆಸರು ಹಾಗಿದ್ದರೂ ಸಸ್ಯಾಹಾರಿಗಳಿಗೂ ನಡೆಯುತ್ತದೆ. ಉಣ್ಣುವುದು, ಮೀಯುವುದು, ಬಟ್ಟೆ ಹಾಕಿಕೊಳ್ಳುವುದರಿಂದ ಮೆಟ್ಟಿಲು ಹತ್ತುವುದು, ಓಡುವುದರ ತನಕ 8 ಕೆಲಸ, ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 32. ಬಾಯಿಮಾತಲ್ಲಿ ಕೇಳಿ ಬಿಡುವುದಿಲ್ಲ, ಮಾಡಿಸಿ ನೋಡುತ್ತಾರೆ. ಸಲೀಸಾಗಿ ಮಾಡಿದರೆ 4. ಯಾರ ನೆರವೂ ಇಲ್ಲದೆ, ಆದರೆ ಒದ್ದಾಡುತ್ತ ಮಾಡಿದರೆ 3. ಹಿಮ್ಮಡಿಯ ಸುಳ್ಳು ಸಿಕ್ಕಿಬೀಳುವುದು ಇಲ್ಲಿ. ಕುಕ್ಕರುಗಾಲಲ್ಲಿ ಕೂರುವುದನ್ನು ಪ್ರತ್ಯೇಕ ಕೆಲಸವಾಗಿ ಇಟ್ಟಿದ್ದಾರೆ. ನಮ್ಮ ಕಡೆಯ ಶಾಲೆಗಳ ಶೌಚಾಲಯಕ್ಕೆ ಹೋಗಿ ಬಂದವರೇ ಬರೆದಿರಬೇಕು. ನನ್ನ ಮಗ ಬೆಳಿಗ್ಗೆಯಿಂದ ನೀರು ಕುಡಿಯದೆ ಶಾಲೆ ಮುಗಿಸುವ ಕಾರಣ ಆ ಒಂದು ಸಾಲಿನಲ್ಲಿ ಅಡಗಿದೆ.

ನೆದರ್ಲೆಂಡ್ಸ್‌ನವರದ್ದು ಇನ್ನೊಂದಿದೆ, ಮಕ್ಕಳಿಗೆಂದೇ ಮಾಡಿದ ‘ಪೆಡ್‌ಹಾಲ್’. ಏಳು ವಿಭಾಗ, 53 ಪ್ರಶ್ನೆ. ಮಗುವಿಗೆ ಬೇರೆ ಪ್ರತಿ, ಹೆತ್ತವರಿಗೆ ಬೇರೆ ಪ್ರತಿ. ಅದು ಕೇಳುವುದು ಕಳೆದ ಒಂದು ತಿಂಗಳಲ್ಲಿ ಏನೇನು ಕಷ್ಟವಾಯಿತು ಎಂದು, ಹಾಗಾಗಿ ಮಲಗಿದ್ದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಮನೆಗೆಲಸದ ವಿಭಾಗಕ್ಕೆ ಬಂದಾಗ ನಮ್ಮಲ್ಲಿ ಸಣ್ಣ ಗಲಾಟೆಯಾಯಿತು. ಅವನು ‘ಅನ್ವಯಿಸುವುದಿಲ್ಲ’ ಎಂದು ಗುರುತು ಹಾಕಿದ. ಅದಕ್ಕೆ ಕಾರಣ ಹಿಮೋಫಿಲಿಯಾ ಅಲ್ಲ, ಅವನ ಅಜ್ಜಿ. ಗಂಡುಹುಡುಗ ಪೊರಕೆ ಮುಟ್ಟಬಾರದಂತೆ. ಓಟದ ಪ್ರಶ್ನೆಗೆ ‘ಕಷ್ಟವೇ ಆಗಲಿಲ್ಲ’ ಎಂದ. ನಿಜ. ಓಡಲು ಬಿಟ್ಟಿದ್ದರೆ ತಾನೇ?

ಶೇ. 40 ಅವರೇ, ತಮ್ಮ ಕಾಲಂನಲ್ಲಿ ಇದಕ್ಕೆ ಜಾಗವಿದೆಯೇ? ಕಾಲು ಬೇಡ ಎನ್ನದ ಎಷ್ಟೋ ಕೆಲಸಗಳಿಗೆ ಊರೇ ಬೇಡ ಎನ್ನುತ್ತದೆ. ಶಾಲೆಯವರು ‘ಏನಾದರೂ ಆದರೆ ನಾವು ಹೊಣೆಯಲ್ಲ’ ಎಂದು ಬರೆಸಿಕೊಂಡಿದ್ದಾರೆ. ಈಜು, ನಡಿಗೆ ಇಂಥ ಮಕ್ಕಳಿಗೆ ಒಳ್ಳೆಯದು, ಸ್ನಾಯು ಗಟ್ಟಿಯಾದಷ್ಟೂ ಕೀಲಿಗೆ ಕಾವಲು ಎಂದು ಫಿಸಿಯೋದವರು ಹೇಳಿ ಹೇಳಿ ಸೋತರು. ಪಿ.ಟಿ. ಮೇಷ್ಟ್ರು ಮಾತ್ರ ಅವನಿಗೆ ಸ್ಕೋರು ಬರೆಯುವ ಪುಸ್ತಕವನ್ನು ಖಾಯಂ ಮಾಡಿಕೊಟ್ಟಿದ್ದಾರೆ. ಎಲ್ಲರ ಸ್ಕೋರು ಇವನು ಬರೆಯುತ್ತಾನೆ, ಇವನ ಸ್ಕೋರು ತಾವು ಬರೆಯುತ್ತೀರಿ.

ಅವನೂ ಕಮ್ಮಿಯವನಲ್ಲ. ಕೀಲಿನಲ್ಲಿ ಬ್ಲೀಡ್ ಶುರುವಾಗುವಾಗ ಊತಕ್ಕೆ ಮೊದಲೇ ಒಳಗೆ ಜುಮ್ಮೆನ್ನುತ್ತದೆ. ಬೇಗ ಹೇಳಿದರೆ ಬೇಗ ಫ್ಯಾಕ್ಟರ್, ಕೀಲು ಉಳಿಯುತ್ತದೆ. ಇದೆಲ್ಲ ಗೊತ್ತಿದ್ದೂ ಮರುದಿನ ಮ್ಯಾಚ್ ಇದ್ದರೆ ತುಟಿ ಬಿಚ್ಚುವುದಿಲ್ಲ, ಸ್ಕೋರು ಬರೆಯುವುದೂ ತಪ್ಪೀತೆಂದು. ನನ್ನ ಅಣ್ಣನೂ ಹೀಗೇ ಮುಚ್ಚಿಡುತ್ತಿದ್ದ. ಅವನಿಗೂ ಇದೇ ಕಾಯಿಲೆ, ತಾಯಿಯ ಕಡೆಯಿಂದ ಬರುವಂಥದ್ದು. ಇದನ್ನು ಅತ್ತೆಯವರು ಪ್ರತಿ ಯುಗಾದಿಗೆ ಬೇವಿನ ಜೊತೆ ನೆನಪಿಸುತ್ತಾರೆ.

ಇನ್ನು ತಮ್ಮ ಕೃಪೆಯ ಫಲಶ್ರುತಿ. ತಾವು ಒಲಿದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ. 5 ಸೀಟುಗಳ ಮೀಸಲಿನಲ್ಲಿ ಪಾಲುಂಟು. ಆದರೆ ಅದೇ ಕಾಯ್ದೆ ಸರ್ಕಾರಿ ನೌಕರಿಯ ಶೇ. 4ನ್ನು ಹಂಚುವ ಕಲಮಿನಲ್ಲಿ ರಕ್ತದ ಕಾಯಿಲೆಗಳ ಹೆಸರೆತ್ತುವುದಿಲ್ಲ. ಪದವಿ ಮುಗಿಯುವ ತನಕ ಹಿಮೋಫಿಲಿಯಾ ಇರುತ್ತದೆ, ಅರ್ಜಿ ಹಾಕುವ ದಿನಕ್ಕೆ ವಾಸಿಯಾಗುತ್ತದೆ ಎಂದಾಯಿತು. ಈ ಚಿಕಿತ್ಸೆ ಯಾವ ಕಂಪನಿಯದ್ದೆಂದು ತಿಳಿಸಿದರೆ ಈಗಲೇ ಶುರು ಮಾಡಿಸುತ್ತೇವೆ.

ದಾವಣಗೆರೆಯ ಕಡೆ ಬಂದರೆ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಡಾ. ಸುರೇಶ್ ಹನಗವಾಡಿ ಅವರನ್ನು ಮಾತಾಡಿಸಿ. ಸ್ವತಃ ಹಿಮೋಫಿಲಿಯಾ ಇರುವ ವೈದ್ಯರು. ಕೂರ್ತಾನಾ ಎಂದು ಕೇಳುವುದಕ್ಕೂ ಹೇಗೆ ಕೂರ್ತಾನೆ ಎಂದು ನೋಡುವುದಕ್ಕೂ ಇರುವ ಅಂತರ ಅವರಿಗೆ ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ.

ಇಂತಿ ತಮ್ಮ ನಿರೀಕ್ಷೆಯಲ್ಲಿ,
ಟೋಕನ್ ಹಿಡಿದು ನಿಂತ ಒಬ್ಬ ತಾಯಿ

ವಿ.ಸೂ.: ಮುಂದಿನ ಶಿಬಿರವನ್ನು ದಯವಿಟ್ಟು ನೆಲಮಹಡಿಯಲ್ಲಿ ಇಡಿಸಿ. ಕಳೆದ ಸಲ ಲಿಫ್ಟ್ ಕೆಟ್ಟಿತ್ತು, ಎರಡನೇ ಮಹಡಿಗೆ ಹುಡುಗನನ್ನು ಅವನಪ್ಪ ಎತ್ತಿಕೊಂಡು ಬಂದರು. ಮೇಲೆ ಹೋದ ಕೂಡಲೇ ಕೇಳಿದ ಮೊದಲ ಪ್ರಶ್ನೆ, “ಮೆಟ್ಟಿಲು ಹತ್ತುತ್ತಾನಾ?” ಉತ್ತರಕ್ಕೆ ಕಾಯಲಿಲ್ಲ. ಮೇಲೆ ಬಂದಿದ್ದಾನಲ್ಲ, ಹತ್ತಿರಲೇಬೇಕು ಎಂದು ಟಿಕ್ ಹಾಕಿದರು.