ಚೌಕಾಬಾರದ ಸಂವಿಧಾನ

ಹೊರದೇಶಕ್ಕೆ ಬಂದ ಕನ್ನಡಿಗರಿಗೆ ಮಕ್ಕಳಾದ ಕೂಡಲೇ ತಗಲುವ ಜಾಡ್ಯವೊಂದಿದೆ: ಸಂಸ್ಕಾರ. ಊರಿನಲ್ಲಿ ಕಂಡವರ ಗದ್ದೆಗೆ ನುಗ್ಗಿ ಕಬ್ಬಿನ ಜಲ್ಲೆ ಮುರಿದವನೂ ಡಲ್ಲಾಸಿನಲ್ಲಿ ಮಗನಿಗೆ ಪ್ರಾಮಾಣಿಕತೆಯ ಪಾಠ ಹೇಳುತ್ತಾನೆ. ಅದೂ ಕಾರಿನಲ್ಲಿ. ಬೆಲ್ಟ್ ಬಿಗಿದ ಮಗು ತಪ್ಪಿಸಿಕೊಂಡು ಓಡುವಂತಿಲ್ಲವಲ್ಲ!

ನಮ್ಮ ಬಡಾವಣೆಯಲ್ಲಿ ಮಂಡ್ಯ ಜಿಲ್ಲೆಯವರದು ನಾಲ್ಕು ಮನೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲದವರದು ಒಂದೊಂದು, ಕೆ.ಆರ್. ಪೇಟೆಯದು ನಮ್ಮದು. ಮಕ್ಕಳಿಗೆ ಒಳ್ಳೆಯ ಗುಣ ಕಲಿಸಲು ಶನಿವಾರ ಸಂಜೆ ಸೇರುವುದೆಂದಾಯಿತು. ಮೊದಲು ನೀತಿಕಥೆ ಓದಿದೆವು. ಆಮೆ ಗೆಲ್ಲುವ ಹೊತ್ತಿಗೆ ಮಕ್ಕಳೆಲ್ಲ ಮೊಲದ ಪಕ್ಷ ಸೇರಿ ನಿದ್ದೆ ಹೋಗಿದ್ದರು.

ಆಗ ನಾಗಮಂಗಲದ ಅಜ್ಜಿ ಬಂದಿಳಿದರು, ಸೆರಗಿನ ಗಂಟಿನಲ್ಲಿ ನಾಲ್ಕು ಕವಡೆ ಕಟ್ಟಿಕೊಂಡು. ಮಗ ಬೇಡಬೇಡವೆಂದರೂ ಮರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಗೀಚಿ, ಕಟ್ಟೆಮನೆಗಳಿಗೆ ಕತ್ತರಿ ಗುರುತು ಹಾಕಿದರು. ಕವಡೆ ಎಷ್ಟು ಅಂಗಾತ ಬಿದ್ದರೆ ಅಷ್ಟು ಲೆಕ್ಕ. ನಾಲ್ಕೂ ಅಂಗಾತವಾದರೆ ಚೌಕ. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಬೇರೆಯವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದರೆ ಹಣ್ಣು. ಹುಣಸೆಬೀಜ, ಗುಂಡಿ, ನಾಣ್ಯ, ಕಡಲೆಬೀಜ ಕಾಯಿಗಳಾದವು. ಶ್ರೀರಂಗಪಟ್ಟಣದ ಪಾಲಿಗೆ ಬಂದ ಕಡಲೆಬೀಜವನ್ನು ಪಾಂಡವಪುರದ ಕೂಸು ಆಟಕ್ಕೆ ಮುಂಚೆಯೇ ತಿಂದು ಮುಗಿಸಿತು.

ಜಗಳ ಹತ್ತಿದ್ದು ದೊಡ್ಡವರಿಗೆ.

“ಕಡಿದರೆ ಇನ್ನೊಂದು ಸಲ ಕವಡೆ ಹಾಕಬೇಕು,” ಎಂದರು ಪಾಂಡವಪುರದವರು.

“ನಮ್ಮೂರಲ್ಲಿ ಹಂಗಿಲ್ಲ. ನಮ್ಮದು ರಾಜಧಾನಿ ಕಣಯ್ಯ!”

“ಆ ಕೋಟೆ 1799ರಲ್ಲೇ ಬಿತ್ತು. ನಮ್ಮಲ್ಲಿ ಕುಂತಿಬೆಟ್ಟ ಐತೆ. ಪಾಂಡವರಿದ್ದ ಜಾಗ. ನಮಗೇ ಆಟ ಹೇಳ್ಕೊಡ್ತೀಯಾ?”

“ಪಗಡೆ ಸೋತೇ ಅಲ್ವಾ ಅವರು ಕಾಡು ಪಾಲಾಗಿದ್ದು?”

ನನ್ನ ಹೆಂಡತಿ ಕಿಕ್ಕೇರಿಯವಳು. ‘ಮೈಸೂರ ಮಲ್ಲಿಗೆ’ ಬರೆದ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು. ದಾಂಪತ್ಯದ ಒಲವನ್ನು ನಾಡಿಗೆಲ್ಲ ಹಂಚಿದ ಕವಿಯ ಊರಿನವಳು, ಹಣ್ಣಾಗಲು ಒಂದೇ ಮನೆ ಉಳಿದಿದ್ದ ಗಂಡನ ಕಾಯಿಯನ್ನು ಕಣ್ಣು ಮಿಟುಕಿಸದೆ ಕಡಿದಳು.

ಗದ್ದಲ ತಡೆಯಲಾರದೆ ಮಕ್ಕಳೇ ಕಾಗದ ತಂದು ಕಟ್ಟಳೆ ಬರೆದು ಫ್ರಿಡ್ಜಿಗೆ ಅಂಟಿಸಿದರು. ಹಲಗೆಯಾಟಗಳನ್ನೇ ಹೊಸದಾಗಿ ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ನೋಡಿದ್ದರೆ ಶಾಲು ಹೊದಿಸುತ್ತಿದ್ದರು. ಒಂದು: ಕಡಿದವರಿಗೆ ಇನ್ನೊಂದು ಸಲ ಕೊಡುವುದು ಒಂದು ವಾರ ಪಾಂಡವಪುರದಂತೆ, ಮರುವಾರ ಕೊಡದಿರುವುದು ಶ್ರೀರಂಗಪಟ್ಟಣದಂತೆ. ಎರಡು: ಚಿಕ್ಕವರೆಂದು ಯಾರಿಗೂ ಬಿಟ್ಟುಕೊಡುವಂತಿಲ್ಲ. ಮೂರು: ಸೋಲುವ ಹೊತ್ತಿಗೆ ಅಪ್ಪಂದಿರಿಗೆ ಆಫೀಸಿನ ಕರೆ ಬರುವಂತಿಲ್ಲ. ನಾಲ್ಕು: ಅಜ್ಜಿ ಕವಡೆ ಹಾಕುವಾಗ ಇಬ್ಬರು ಕಾವಲಿರಬೇಕು. ಅಜ್ಜಿಯ ಸೆರಗು ಸೋಕಿದ ಕವಡೆ ತಾನಾಗಿ ಮಗುಚುವುದನ್ನು ಮಕ್ಕಳು ಕಂಡುಕೊಂಡಿದ್ದರು.

ಆಟದ ಮೇಲೆ ಮುದ್ದೆ, ಬಸ್ಸಾರು. ಮುದ್ದೆ ಅಗಿಯುವ ಪದಾರ್ಥವಲ್ಲ, ನುಂಗುವಂಥದ್ದು. ಹಾಗಾಗಿ ಬಾಯಿಗೆ ಮಾತಾಡಲು ಪುರಸೊತ್ತು ಸಿಗುತ್ತದೆ. “ನೀವು ಚಿಕ್ಕೋರಾಗಿದ್ದಾಗ ಏನು ಕದ್ದಿದ್ರಿ?” ಎಂದು ಒಂದು ಮಗು ಕೇಳಿತು. ಅಪ್ಪಂದಿರು ಫೋನ್ ತಡಕಿದರು. ಮೂರನೆಯ ಕಟ್ಟಳೆ ಅಡ್ಡ ಬಂತು. ಕೊನೆಗೆ ಪಾಂಡವಪುರದವರು, ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಯಿಂದ ಕಬ್ಬು ಎಳೆದದ್ದು, ಗಾಡಿಯವನು ಅಪ್ಪನಿಗೆ ದೂರು ಕೊಟ್ಟದ್ದು, ಮಾರನೆಯ ದಿನ ಅದೇ ಗಾಡಿಗೆ ಸಂಜೆಯವರೆಗೆ ಕಬ್ಬು ಹೊತ್ತದ್ದು ಎಲ್ಲ ಹೇಳಿದರು. ಕಾರಿನ ಪಾಠಕ್ಕೆ ತುಟಿ ಬಿಚ್ಚದ ಮಕ್ಕಳು ಕೈ ಒಣಗುವವರೆಗೆ ಪ್ರಶ್ನೆ ಕೇಳಿದರು. ಬೈಗುಳ ಬಿದ್ದಿತ್ತಾ? ಗಾಡಿಯವನು ಆಮೇಲೆ ಮಾತಾಡಿಸಿದನಾ? ಒಂದು ಜಲ್ಲೆಯಾದರೂ ಕೊಟ್ಟನಾ?

ಕಳೆದ ಶನಿವಾರ ಮಗಳಿಗೆ ಹಣ್ಣಾಗಲು ಮೂರು ಬೇಕಿತ್ತು. ಕವಡೆ ಎಸೆದಳು. ಒಲೆಯ ಮೇಲೆ ಮುದ್ದೆ ಸೀಯುತ್ತಿತ್ತು. ಎಲ್ಲರ ಕಣ್ಣೂ ಅತ್ತ. ತಿರುಗಿ ನೋಡಿದರೆ ಮೂರು ಅಂಗಾತ. “ಇದು ಎರಡೇ. ಒಂದು ಸೋಫಾದ ಕಾಲಿಗೆ ತಾಗಿ ಮಗುಚಿತು,” ಎಂದಳು.

ನಮ್ಮೆಲ್ಲರ ಎದೆ ಉಬ್ಬಿತು. ಶ್ರೀರಂಗಪಟ್ಟಣದವರು ಸಂಸ್ಕಾರದ ಮೇಲೆ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ಅಜ್ಜಿ, “ಒಳ್ಳೆ ಮೊಗ ಕನವ್ವಾ ನೀನು,” ಎಂದು ಅವಳ ತಲೆ ಸವರಿ, ಕವಡೆ ಎಸೆದು, ಅವಳ ಕಾಯನ್ನೇ ಕಡಿದರು. ಕಡಿದದ್ದಕ್ಕೆ ಇನ್ನೊಂದು ಸಲ ಬೇಕೆಂದು ಕೈ ಚಾಚಿದರು.

ಅದು ಶ್ರೀರಂಗಪಟ್ಟಣದ ವಾರ. ಮಕ್ಕಳು ಕವಡೆ ಕೊಡಲಿಲ್ಲ.