ಗೇನ್ ಇಳಿಸಿ, ಗಿಟಾರ್ ಉಳಿಸಿ

ರಾಕ್ ಸಂಗೀತದವರಿಗೆ ಸ್ಪೀಕರ್ ಕಂಡರೆ ಅದೇನು ಕೋಪವೋ! ಗಿಟಾರಿಗೆ ಒಡಕು ದನಿ ಬರಲೆಂದು ಅಮೆರಿಕದ ವಾದಕ ಲಿಂಕ್ ರೇ ಪೆನ್ಸಿಲ್ಲಿನಿಂದ ಸ್ಪೀಕರಿಗೆ ತೂತು ಕೊರೆದ. 1958ರಲ್ಲಿ ಅವನ 'ರಂಬಲ್' ಕೃತಿ ಗುಡುಗಿತು. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ಬ್ಲೇಡಿನಿಂದ ಸ್ಪೀಕರ್ ಸೀಳಿದ. ಅವನ ಕಿಂಕ್ಸ್ ತಂಡಕ್ಕೆ ಹಿಟ್ ಸಿಕ್ಕಿತು. ಹಾಗಂತ ನೀವು ಷೇವಿಂಗ್ ಸೆಟ್ಟಿಗೆ ಕೈಹಾಕಬೇಡಿ.

ಮನೆಯಲ್ಲೇ ರೆಕಾರ್ಡ್ ಮಾಡುವವರ ಮೊದಲ ವ್ಯಸನ ಗೇನ್, ಅಂದರೆ ಗಿಟಾರಿನ ದನಿಯನ್ನು ಒಡಕಾಗುವಷ್ಟು ಉಬ್ಬಿಸುವ ಆಂಪ್ಲಿಫೈಯರಿನ ಗುಬುಟು. ಗಿಟಾರನ್ನು ಒಂಟಿಯಾಗಿ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಡ್ರಮ್ಸ್, ಬೇಸ್ ಸೇರಿದೊಡನೆ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದಂತಾಗುತ್ತದೆ. ಗೇನ್ ತಗ್ಗಿಸಿ, ಅದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಹಾಕಿ. ಕಾಪಿ-ಪೇಸ್ಟ್ ಸೋಮಾರಿಗಳಿಗೆ ಫಲವಿಲ್ಲ; ಎರಡು ಸಲದ ನುಡಿಸುವಿಕೆಯ ನಡುವಿನ ಸಣ್ಣ ವ್ಯತ್ಯಾಸವೇ ನಾದಕ್ಕೆ ಅಗಲ ಕೊಡುವುದು.

ಮೈಕನ್ನು ಸ್ಪೀಕರಿನ ನಟ್ಟನಡುವಿನಿಂದ ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ ಕಿವಿ ಕೊರೆಯುವ ಕೀರಲು ತಗ್ಗುತ್ತದೆ. ಇದಕ್ಕೆ ಕಾಸು ಬೇಡ. ಅದಕ್ಕೇ ಯಾರಿಗೂ ಇದರಲ್ಲಿ ನಂಬಿಕೆಯಿಲ್ಲ. ಹೊಸ ಪೆಡಲ್ ಕೊಳ್ಳುವ ಸುಖ ಇದರಲ್ಲೆಲ್ಲಿ? ಇನ್ನು, ಮಾಮೂಲಿ ಶ್ರುತಿಯಲ್ಲಿ ಗಿಟಾರಿನ ಅತಿ ತಗ್ಗಿನ ತಂತಿಯ ಕಂಪನವೇ ಸುಮಾರು 82 ಹರ್ಟ್ಸ್. ಅದಕ್ಕೂ ಕೆಳಗೆ ಗುಂಯ್‌ಗುಡುವುದು ಫ್ಯಾನಿನದೋ ಬೀದಿಯ ಲಾರಿಯದೋ ಕೊಡುಗೆ. ದಾಕ್ಷಿಣ್ಯ ನೋಡದೆ ಕತ್ತರಿಸಿ.

ಮನೆಯಲ್ಲಿ ಇದೆಲ್ಲ ಆಗುವ ಮಾತೇ ಎನ್ನುವಿರಾ? ಪೋಲರಾಯ್ಡ್ ಕಂಪನಿಯ ಎಂಜಿನಿಯರ್ ಟಾಮ್ ಶೋಲ್ಜ್, 1976ರ 'ಬಾಸ್ಟನ್' ಆಲ್ಬಮ್ಮಿನ ಬಹುಭಾಗವನ್ನು ಮನೆಯ ನೆಲಮಾಳಿಗೆಯಲ್ಲೇ ಮುದ್ರಿಸಿದ. ಆದ್ದರಿಂದ ಪೆಡಲ್ ಅಂಗಡಿಗೆ ಹೊರಡುವ ಮುನ್ನ ದಯವಿಟ್ಟು ಗಿಟಾರಿಗೆ ಹೊಸ ತಂತಿ ಹಾಕಿ, ಶ್ರುತಿ ಮಾಡಿ.