ನಾಯಿವೈದ್ಯ ಯಜಮಾನರು

ಹರಕೆಯ ಘಂಟೆಗಳಿಂದ ಹೆಸರಾದ ಗಣಪತಿ ದೇವಾಲಯವಿರುವ ಯಲ್ಲಾಪುರ ತಾಲ್ಲೂಕಿನ ಚಂದಗುಳಿಯ ಸುತ್ತಲಿನ ಅಡಿಕೆ ಸೀಮೆಯಲ್ಲಿ, ನಾಯಿಯೊಂದು ಮೈ ತುರಿಸಿಕೊಳ್ಳುವುದನ್ನು ಕಂಡೊಡನೆ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗುಳಿ ಕಾರಣ ಹೇಳಲು ಧಾವಿಸುವ ಯಜಮಾನರು ಊರಿಗೊಬ್ಬರಾದರೂ ಇರುತ್ತಾರೆ. ಇವರು ಪಶುವೈದ್ಯಕೀಯ ಓದಿದವರಲ್ಲ. ಆದರೆ ಮಳೆಗಾಲದಲ್ಲಿ ಎಳೆಯಡಿಕೆಯನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ ಮತ್ತು 1 ಕಿಲೊ ಸುಣ್ಣ ಸೇರಿಸಿದ ಮದ್ದನ್ನು, ಮರ ಹತ್ತುವ ಕೊನೆಗೌಡನಿಂದ ವರ್ಷವೂ ಹೊಡೆಸಿ ಪಳಗಿದವರಾದ್ದರಿಂದ, ರೋಗ ಕಂಡಲ್ಲಿಗೆ ಮದ್ದು ಬಿದ್ದರೆ ಕೆಲಸ ಮುಗಿಯಿತೆಂಬ ಸಿದ್ಧಾಂತದಲ್ಲಿ ಅಚಲರು.

“ಉಷ್ಣ ಆಜು”, ಅಂದರೆ ಉಷ್ಣವಾಗಿದೆ, ಎಂಬುದು ಇವರ ಮೊದಲ ರೋಗನಿರ್ಣಯ. ಅದರಂತೆ ನಾಯಿಗೆ ಮಜ್ಜಿಗೆ ಅನ್ನ ವಿಧಿಸಲಾಗುತ್ತದೆ. ಬಳಿಕ ಬೇವಿನೆಣ್ಣೆಯ ಸರದಿ, ಅದರ ಬಳಿಕ ಕರ್ಪೂರ ಕದಡಿದ ತೆಂಗಿನೆಣ್ಣೆಯದು. ಹಚ್ಚಿದ್ದನ್ನು ನೆಕ್ಕಿ ನಾಯಿ ವಾಂತಿ ಮಾಡಿಕೊಂಡರೆ ಪಿತ್ತ ಹೊರಬಿತ್ತೆಂದು ಅದನ್ನೂ ಚಿಕಿತ್ಸೆಯ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ. ಯಾವುದೂ ನಾಟದಿದ್ದಾಗ, ಅಡಿಕೆ ದರಕ್ಕೆಂದು ಹೊತ್ತ ಘಂಟೆಯ ಹರಕೆಯಲ್ಲೇ ನಾಯಿಯ ತುರಿಕೆಯನ್ನೂ ಸೇರಿಸಿಕೊಳ್ಳಬೇಕೆಂದು ಗಣಪತಿಗೆ ಅರಿಕೆ ಮಾಡುವುದುಂಟು. ಇನ್ನೊಂದು ಘಂಟೆಯ ಖರ್ಚು ಅವರಿಗೆ ಒಪ್ಪಿಗೆಯಿಲ್ಲ.

ಇಷ್ಟೆಲ್ಲ ನಡೆಯುವಾಗ ಬೆಕ್ಕು ಬಚ್ಚಲ ಒಲೆಯ ಬುಡದಲ್ಲಿ ಮಲಗಿರುತ್ತದೆ. ಬಾಲದ ಬುಡದಲ್ಲೂ ಸೊಂಟದ ಮೇಲೂ ಕೂದಲುದುರಿ ಕೆಂಪೇರಿದ ನಾಯಿಗೆ ಬಹುಮಟ್ಟಿಗೆ ಇರುವುದು ಚಿಗಟದ ಅಲರ್ಜಿ, ಎಂದರೆ ಕಚ್ಚುವಾಗ ಚಿಗಟ ಬಿಡುವ ಜೊಲ್ಲನ್ನು ಚರ್ಮ ಸಹಿಸದಿರುವ ಸ್ಥಿತಿ. ಅಂಥ ನಾಯಿಗೆ ನಾಲ್ಕಾರು ಕಡಿತವೇ ಸಾಕು. ನಾಯಿಗಳ ಮೈಮೇಲೆ ಹೆಚ್ಚಾಗಿ ಸಿಗುವುದು ವಿಜ್ಞಾನಿಗಳು ಬೆಕ್ಕಿನ ಚಿಗಟವೆಂದೇ ಕರೆಯುವ ಜಾತಿ. ಬೆಕ್ಕಾದರೋ ಮೈ ನೆಕ್ಕಿಕೊಳ್ಳುತ್ತ ತನ್ನ ಚಿಗಟಗಳನ್ನು ತಾನೇ ನುಂಗಿ ನಿರಪರಾಧಿಯಂತೆ ಕಾಣುತ್ತದೆ. ಅದರ ಮೈಯಿಂದ ಉದುರಿದ ಮೊಟ್ಟೆಗಳು ಗೋಣಿಚೀಲದಲ್ಲೂ ಕೊಟ್ಟಿಗೆಯ ದರಕಿನಲ್ಲೂ, ಎಂದರೆ ದನಕ್ಕೆ ಹಾಸುವ ಒಣಎಲೆಯಲ್ಲೂ, ಮರಿಹುಳುಗಳಾಗಿ, ಆಮೇಲೆ ಗೂಡು ಕಟ್ಟಿಕೊಂಡು, ತಿಂಗಳುಗಟ್ಟಲೆ ಬೇಕಾದರೂ ಕಾದಿರುತ್ತವೆ.

ಯಜಮಾನರಿಗೆ ಬೆಕ್ಕು ಕಾಣದಿರುವುದಕ್ಕೆ ದೃಷ್ಟಿದೋಷ ಕಾರಣವಲ್ಲ. ಜಗುಲಿಯಿಂದ ಹೊರಗಿನ ನಾಯಿ ಅವರ ಅಧಿಕಾರಕ್ಕೂ, ಅಡುಗೆಮನೆಯಿಂದ ಒಳಗಿನ ಬೆಕ್ಕು ಮನೆಯೊಡತಿಯ ಅಧಿಕಾರಕ್ಕೂ ಸೇರಿದ್ದು, ಚಿಗಟವೊಂದೇ ಈ ಗಡಿಯನ್ನು ಗೌರವಿಸುವುದಿಲ್ಲ. ಬೆಂಗಳೂರಿನಿಂದ ಬಂದ ಮಗ ಎರಡಕ್ಕೂ ಮದ್ದು ಬೇಕೆಂದರೆ, “ಬೆಕ್ಕಿಗೆ ಎಂತೂ ಆಜಿಲ್ಲೆ” ಎಂಬ ತೀರ್ಪು ಹೊರಬೀಳುತ್ತದೆ.

ಅಪಾಯವಿರುವುದು ಅವರು ಮೊಂಡುತನ ಬಿಟ್ಟು ಒಪ್ಪಿಕೊಂಡ ದಿನ. ನಾಯಿಗೆ ಹಾಕಿ ಉಳಿದ ಹನಿಮದ್ದನ್ನು ವ್ಯರ್ಥಮಾಡಬಾರದೆಂದು ಬೆಕ್ಕಿನ ಬೆನ್ನಿಗೆ ಸುರಿಯಲು ಅವರು ಹೊರಡುತ್ತಾರೆ. ಅಂಥ ಕೆಲವು ಮದ್ದುಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ನಾಯಿಯ ದೇಹ ತಾಳಿಕೊಂಡರೂ ಬೆಕ್ಕಿನ ದೇಹ ತಾಳದೆ, ನಡುಕ ಹತ್ತಿ, ಸೆಳೆತ ಬಂದು, ಪ್ರಾಣವೂ ಹೋಗಬಹುದು. ಆದ್ದರಿಂದ ಇಂಥ ಯಜಮಾನರಿರುವ ಮನೆಯವರು ಆ ಹನಿಮದ್ದಿನ ಸೀಸೆಯನ್ನು ಅವರ ಕೈಗೆ ಸಿಗದಂತೆ ಇಟ್ಟು, ನಾಯಿ ಬೆಕ್ಕು ಎರಡನ್ನೂ ಪಶು ಆಸ್ಪತ್ರೆಗೆ ಒಯ್ಯುವುದು ಒಳ್ಳೆಯದು. ಯಜಮಾನರನ್ನು ಜೊತೆಗೆ ಕರೆದೊಯ್ಯಬೇಕಾಗಿಲ್ಲ.